ಮೊದಲು ಟ್ರೇಲರಿನ ಕೆಂಪು ದೀಪ, ಆಮೇಲೆ ಸೌಂಡ್

ಜತ್ತ ತಾಲೂಕಿನ ಟ್ರ್ಯಾಕ್ಟರ್, ಜೀಪು, ಟ್ರ್ಯಾಕ್ಸ್, ಕ್ರೂಸರ್ ಓಡಿಸುವ ಅಣ್ಣತಮ್ಮಂದಿರಿಗೆ ಮತ್ತು ಆ ಗಾಡಿಗಳ ಮಾಲಕರಿಗೆ,



ದೀಪಾವಳಿಯ ಹೊತ್ತಿಗೆ ಕಬ್ಬಿನ ಸೀಜನ್ ಶುರುವಾಗುತ್ತದೆ. ಅದಕ್ಕೂ ಮುಂಚಿನ ಈ ದಿನಗಳಲ್ಲಿ ಸಂಖ, ಉಮದಿ, ಮಾಡಗ್ಯಾಳ, ಜತ್ತ, ಎಲ್ಲಿಯ ವೈರಿಂಗ್ ಅಂಗಡಿಗೆ ಹೋದರೂ ಮುಂದೆ ಗಾಡಿಗಳ ಸಾಲು. ಬಂದವರು ಮೊದಲು ಆಡುವ ಮಾತು ‘ಸೌಂಡ್ ಜೋರ್ ಬರಬೇಕ್ರಿ’. ಅದೇ ಟ್ರ್ಯಾಕ್ಟರಿನ ಹಿಂದೆ ಹೋಗಿ ಟ್ರೇಲರ್ ನೋಡಿದರೆ ಕೆಂಪು ದೀಪ ಇರುವುದಿಲ್ಲ. ಇದ್ದರೂ ವೈರು ಹರಿದು ನೆಲ ಸವರುತ್ತಿರುತ್ತದೆ. ಈ ಪತ್ರ ಬರೆಯಲು ಅದೇ ಕಾರಣ.

ನಾನೂ ಇದೇ ಕಸುಬಿನವನು. ಹಳೆಯ ಗಾಡಿಗೆ ಡೆಕ್ ಕೂರಿಸಿ, ಸ್ಪೀಕರ್ ಬಿಗಿದು, ಮೊದಲ ಹಾಡು ಹಚ್ಚಿದಾಗ ಡ್ರೈವರನ ಮುಖ ಅರಳುವುದನ್ನು ನೋಡುವುದು ನನಗೆ ಇಂದಿಗೂ ಹಬ್ಬ. ಆದ್ದರಿಂದ ಸೌಂಡ್ ಬೇಡ ಎಂದು ಹೇಳಲು ಬಂದವನಲ್ಲ. ಹಾಕಿಸಿ. ಚೆಂದಾಗಿ ಹಾಕಿಸಿ. ಆದರೆ ಹಳೆಯ ಗಾಡಿಯ ಕರೆಂಟಿನ ಲೆಕ್ಕ ತಿಳಿದು ಹಾಕಿಸಿ, ದೀಪದ ಪಾಲನ್ನು ಹಾಡಿಗೆ ಕೊಡಬೇಡಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ.

ಗಾಡಿಯಲ್ಲಿ ಹಾಡು ಎಂಬುದು ನಮ್ಮ ಕಡೆ ಬರೀ ಶೋಕಿಯ ವಿಷಯವಲ್ಲ. ‘ಜತ್ ರೋಡ್’ ಎಂಬ ಹೆಸರಿನ ಸ್ಟೇಶನ್ ಮೀರಜ–ಪಂಢರಪುರ ಮಾರ್ಗದಲ್ಲಿ ಇದೆಯೇ ಹೊರತು ಜತ್ತ ಊರಿಗೆ ರೈಲಿಲ್ಲ. ಸಂತೆಗೆ, ಕೋರ್ಟಿಗೆ, ವಿಜಯಪುರದ ದವಾಖಾನೆಗೆ, ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ನಮ್ಮ ಮಂದಿ ಹೋದದ್ದು ಸೀಟು ತುಂಬಿಸಿ ಓಡಿಸುವ ವಡಾಪ್ ಜೀಪುಗಳಲ್ಲಿ, ಕಮಾಂಡರ್‌ಗಳಲ್ಲಿ, ಟ್ರ್ಯಾಕ್ಸ್‌ಗಳಲ್ಲಿ. ಮಳೆ ಕಡಿಮೆ, ಹೊಲ ದೂರ, ರಸ್ತೆ ಉದ್ದ. ಆ ರಸ್ತೆಯ ತುಂಬ ಜೊತೆಗಿದ್ದದ್ದು ಟೇಪು. ಭೀಮಸೇನ ಜೋಶಿಯವರ ಅಭಂಗದ ಕ್ಯಾಸೆಟ್ ಮುಗಿದರೆ ಅವರದೇ ದಾಸರ ಪದದ ಕ್ಯಾಸೆಟ್ ಹಾಕುತ್ತಿದ್ದರು. ಹಿಂದಿನ ಸೀಟಿನಲ್ಲಿ ಮರಾಠಿಯವರೂ ಇರುತ್ತಿದ್ದರು, ಕನ್ನಡದವರೂ ಇರುತ್ತಿದ್ದರು, ಬದಲಿಸಿ ಅಂತ ಯಾರೂ ಕೇಳುತ್ತಿರಲಿಲ್ಲ. ಡೊಳ್ಳಿನ ಪದ, ಗೀಗೀ ಪದ, ಇಂಚಗೇರಿ ಸಂಪ್ರದಾಯದ ಭಜನೆ, ಆಮೇಲಾಮೇಲೆ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ. 2023ರ ಜನವರಿ 2ರಂದು ಅಪ್ಪಾವರು ಲಿಂಗೈಕ್ಯರಾದರು. ಇವತ್ತಿಗೂ ನಸುಕಿನಲ್ಲಿ ಹೊರಡುವ ಎಷ್ಟೋ ಗಾಡಿಗಳಲ್ಲಿ ಪೆನ್‌ಡ್ರೈವ್ ಹಚ್ಚಿದರೆ ಮೊದಲು ಕೇಳುವುದು ಅವರ ಆ ಸಣ್ಣ ದನಿಯೇ.

ರೇಡಿಯೊದ್ದೂ ಒಂದು ಮಾತು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಮಧ್ಯಮ ತರಂಗದ 765 ಕಿಲೋಹರ್ಟ್ಸ್‌ನಲ್ಲಿ ಅದು ನಮ್ಮ ಪೂರ್ವ ಭಾಗದ ಹಳ್ಳಿಗಳವರೆಗೂ ಬರುತ್ತಿತ್ತು. ಅತ್ತ ಮುಳ್ಳು ತಿರುಗಿಸಿದರೆ 1251ರಲ್ಲಿ ಸಾಂಗ್ಲಿ ಕೇಂದ್ರದ ಮರಾಠಿ. ಮಹಾರಾಷ್ಟ್ರದಲ್ಲಿದ್ದುಕೊಂಡು ಕನ್ನಡದ ಸುದ್ದಿ, ಕೃಷಿ ಮಾತು, ನಾಟಕ ಕೇಳಿದ್ದು ನಮ್ಮ ತಂದೆ ತಾಯಂದಿರು ಹೀಗೆ. ಈಗ ಬಜಾರಿನಲ್ಲಿ ಸಿಗುವ ಅಗ್ಗದ ಡೆಕ್‌ಗಳಲ್ಲಿ ಬಹಳಷ್ಟಕ್ಕೆ ಎಫ್ಎಂ, ಬ್ಲೂಟೂತ್, ಯುಎಸ್‌ಬಿ ಮಾತ್ರ ಇರುತ್ತವೆ, ಮಧ್ಯಮ ತರಂಗ ಇರುವುದಿಲ್ಲ. ಗಾಡಿಯಲ್ಲಿ ಹಳೆಯ ರೇಡಿಯೊ-ಟೇಪು ಕೆಟ್ಟು ಕೂತಿದ್ದರೆ ಗುಜರಿಗೆ ಹಾಕುವ ಮುಂಚೆ ಒಮ್ಮೆ ತೋರಿಸಿ. ಎಷ್ಟೋ ಸಲ ಕ್ಯಾಸೆಟ್ ತಿರುಗಿಸುವ ಬೆಲ್ಟು ಹರಿದಿರುತ್ತದೆ ಅಷ್ಟೆ, ರೇಡಿಯೊ ಸರಿಯಾಗಿಯೇ ಇರುತ್ತದೆ. ಅದರೊಳಗೆ ಒಂದು ಸಣ್ಣ ಬ್ಲೂಟೂತ್ ಬೋರ್ಡು ಜೋಡಿಸಿದರೆ ಮೊಬೈಲಿನ ಹಾಡೂ ಬರುತ್ತದೆ, ರೇಡಿಯೊವೂ ಉಳಿಯುತ್ತದೆ. ಡ್ಯಾಶ್‌ಬೋರ್ಡ್ ಕೊಯ್ಯುವ ಪ್ರಸಂಗವೇ ಬರುವುದಿಲ್ಲ.

ಕಂಪನಿ ಕೊಡದ ಸೌಂಡನ್ನು ಹೊರಗಿನಿಂದ ತಂದು ಹಾಕಿಸುವ ಈ ಕೆಲಸ ಹೊಸದೇನಲ್ಲ. 1930ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಗಾಲ್ವಿನ್ ಸಹೋದರರು ಮೋಟೊರೋಲಾ ಹೆಸರಿನಲ್ಲಿ ಕಾರಿನ ರೇಡಿಯೊ ಮಾರತೊಡಗಿದಾಗ ಅದನ್ನೂ ಹೀಗೆಯೇ ಯಾರದೋ ಕಾರಿಗೆ ತೂತು ಕೊರೆದು, ವೈರು ಎಳೆದು ಕೂರಿಸಬೇಕಿತ್ತು. ಅಂದಿನಿಂದ ಇಂದಿನವರೆಗೆ ಈ ಕೆಲಸದ ತೊಡಕು ಒಂದೇ: ಗಾಡಿ ಮಾಡಿದವನು ಈ ಭಾರವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹಳೆಯ ಟ್ರ್ಯಾಕ್ಟರಿನ ಆಲ್ಟರ್ನೇಟರ್ (ನಮ್ಮಲ್ಲಿ ಇದನ್ನೂ ಡೈನಮೊ ಎಂದೇ ಕರೆಯುತ್ತಾರೆ) ಸಾಮಾನ್ಯವಾಗಿ 35ರಿಂದ 45 ಆಂಪಿಯರ್‌ನದು. ಅದೂ ಎಂಜಿನ್ ರೇಸಿನಲ್ಲಿದ್ದಾಗ. ಗಾಡಿ ಸ್ಲೋದಲ್ಲಿ ನಿಂತಿದ್ದರೆ ಅಷ್ಟು ಬರುವುದಿಲ್ಲ. ಮುಂದಿನ ಎರಡು ಹೆಡ್‌ಲೈಟು 55–60 ವ್ಯಾಟಿನವಾದರೆ ಅವೇ ಹತ್ತಿರ ಹತ್ತಿರ 10 ಆಂಪಿಯರ್ ತಿನ್ನುತ್ತವೆ. ಹಿಂದಿನ ದೀಪ, ಬ್ರೇಕ್ ದೀಪ, ಇಂಡಿಕೇಟರ್, ಹಾರ್ನ್ ಬೇರೆ. ಸೆಲ್ಫ್ ಹೊಡೆದಾಗ ಖಾಲಿಯಾದ ಬ್ಯಾಟರಿಯನ್ನು ಮತ್ತೆ ತುಂಬುವುದಕ್ಕೂ ಇದರಲ್ಲೇ ಪಾಲು ಬೇಕು. ಉಳಿದದ್ದು ಹಾಡಿಗೆ.

ಬರೀ ಡೆಕ್ ಮತ್ತು ಎರಡೋ ನಾಲ್ಕೋ ಸ್ಪೀಕರ್ ಇದ್ದರೆ ಏನೂ ತೊಂದರೆ ಇಲ್ಲ. ಡೆಕ್ಕಿನ ಡಬ್ಬಿಯ ಮೇಲೆ ‘50 ವ್ಯಾಟ್ × 4’ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಕ್ಷಣ ಮಾತ್ರದ ತುದಿಯ ಲೆಕ್ಕ. 12 ವೋಲ್ಟಿನ ಗಾಡಿಯಲ್ಲಿ ಡೆಕ್ಕೊಂದು ಸತತವಾಗಿ ಕೊಡುವುದು ಒಂದು ಸ್ಪೀಕರಿಗೆ 20 ವ್ಯಾಟಿನ ಆಸುಪಾಸು. ಅಷ್ಟು ಸಾಕು ಕೂಡ. ಕಷ್ಟ ಶುರುವಾಗುವುದು ಆಂಪ್ಲಿಫೈಯರ್ ಬಂದಾಗ. ನಿಜವಾಗಿ 500 ವ್ಯಾಟ್ ಕೊಡುವ ಸಾಮಾನ್ಯ ಆಂಪ್ಲಿಫೈಯರ್ ಪೂರ್ತಿ ಸೌಂಡಿನಲ್ಲಿ ಎಳೆಯುವುದು 60–70 ಆಂಪಿಯರ್, ಏಕೆಂದರೆ ಅದು ಎಳೆದದ್ದರಲ್ಲಿ ಅರ್ಧದ ಹತ್ತಿರ ಬಿಸಿಯಾಗಿ ಹೋಗುತ್ತದೆ. ನಿಮ್ಮ ಡೈನಮೊ ಹುಟ್ಟಿಸುವುದೇ 40. ಮಿಕ್ಕದ್ದು ಎಲ್ಲಿಂದ ಬರಬೇಕು? ಬ್ಯಾಟರಿಯಿಂದ. ಆಗಲೇ ಬೇಸ್ ಒಂದೊಂದು ಸಲ ಬಡಿದಾಗಲೂ ಹೆಡ್‌ಲೈಟು ಕುಗ್ಗಿ ಮತ್ತೆ ಏಳುವುದು. ಅದನ್ನು ಹುಡುಗರು ಡ್ಯಾನ್ಸಿಂಗ್ ಲೈಟ್ ಎಂದು ಖುಷಿಪಟ್ಟು ವಿಡಿಯೊ ತೆಗೆಯುತ್ತಾರೆ. ಖುಷಿಪಡುವಂಥದ್ದಲ್ಲ ಅದು. ಬ್ಯಾಟರಿ ಸೋಲುತ್ತಿದೆ ಎಂಬ ಗುರುತು.

ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಏನಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ತೂಕಕ್ಕೆ ನಂಬರ್ ಬರಲು ತಾಸುಗಟ್ಟಲೆ ಕಾಯಬೇಕು. ಡೀಸೆಲ್ ಉಳಿಸಲು ಎಂಜಿನ್ ಬಂದ್, ಹಾಡು ಚಾಲೂ. ಚೆನ್ನಾಗಿರುವ ಬ್ಯಾಟರಿ ತುಂಬಿದಾಗ 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಇಳಿದರೆ ಅರ್ಧ ಖಾಲಿ ಎಂದೇ ಲೆಕ್ಕ. ಅಲ್ಲಿಂದ ಕೆಳಗೆ ಇಳಿಸಿ ಇಳಿಸಿ ಬಳಸಿದ ಬ್ಯಾಟರಿ ಒಂದು ಸೀಜನ್ ದಾಟುವುದು ಕಷ್ಟ. ನಡುರಾತ್ರಿ ನಂಬರ್ ಕೂಗಿದಾಗ ಸೆಲ್ಫ್ ಎತ್ತುವುದಿಲ್ಲ, ಹಿಂದಿನವರು ಬೈಯುತ್ತಾರೆ, ನಾಲ್ಕು ಮಂದಿ ಸೇರಿ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಬೇಕು. ಕೆಲವರು ಇದಕ್ಕೆ ಉಪಾಯವೆಂದು ಹಳೆಯ ಬ್ಯಾಟರಿಯ ಪಕ್ಕಕ್ಕೆ ಹೊಸದೊಂದನ್ನು ತಂದು ಜೋಡಿಸುತ್ತಾರೆ. ಸೊರಗಿದ ಬ್ಯಾಟರಿ ಹೊಸದರ ಕರೆಂಟನ್ನೂ ಹೀರಿ ಎರಡನ್ನೂ ಕೆಡಿಸುತ್ತದೆ. ಹುಟ್ಟುವ ಕರೆಂಟು ಹೆಚ್ಚದೆ ಕೂಡಿಡುವ ಡಬ್ಬಿಯನ್ನಷ್ಟೇ ಹೆಚ್ಚಿಸಿದರೆ ಏನು ಬಂತು? ಒಂದು ಸಣ್ಣ ವೋಲ್ಟ್‌ಮೀಟರ್ ಡ್ಯಾಶ್‌ಬೋರ್ಡಿಗೆ ಹಚ್ಚಿಸಿಕೊಳ್ಳಿ. ಎಂಜಿನ್ ಓಡುವಾಗ 14ರ ಆಸುಪಾಸು, ನಿಂತಾಗ 12.2ರ ಮೇಲೆ ಇರಲಿ. ಅದಕ್ಕಿಂತ ಇಳಿದರೆ ಹಾಡು ನಿಲ್ಲಿಸಿ.

ಹಳೆಯ ಟಾಟಾ ಲಾರಿ ಇಟ್ಟುಕೊಂಡವರಿಗೆ ಇನ್ನೊಂದು ಎಚ್ಚರಿಕೆ. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ, ಡೆಕ್ಕಿಗೆ ಬೇಕಾದದ್ದು 12. ಎರಡರಲ್ಲಿ ಒಂದೇ ಬ್ಯಾಟರಿಯಿಂದ ವೈರು ಎಳೆದು ಕೊಡುವುದು ನಮ್ಮ ಕಡೆ ರೂಢಿಯಾಗಿದೆ. ಹಾಡೇನೋ ಬರುತ್ತದೆ. ಆದರೆ ಆ ಒಂದು ಬ್ಯಾಟರಿ ದಿನಾ ಖಾಲಿಯಾಗುತ್ತ, ಇನ್ನೊಂದು ಹದಕ್ಕಿಂತ ಹೆಚ್ಚು ಚಾರ್ಜ್ ಆಗಿ ಕುದಿಯುತ್ತ, ಜೋಡಿ ಹಾಳಾಗುತ್ತದೆ. 24ನ್ನು 12 ಮಾಡುವ ಕನ್ವರ್ಟರ್ ಸಿಗುತ್ತದೆ, ಅದನ್ನು ಹಾಕಿಸಿ.

ಇನ್ನು ವೈರಿಂಗ್. ನನ್ನ ಮನಸ್ಸಿಗೆ ಅತ್ಯಂತ ಹತ್ತಿರದ ಮಾತು ಇದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಯಾವುದೇ ಹಳೆಯ ಟ್ರ್ಯಾಕ್ಸಿನ ಡ್ಯಾಶ್‌ಬೋರ್ಡ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿ. ಕಂಪನಿಯ ವೈರಿನ ಬಣ್ಣ ಧೂಳಿನಲ್ಲಿ ಗುರುತೇ ಸಿಗುವುದಿಲ್ಲ. ಅದರ ಮೇಲೆ ಮೂರು ಕಾಲದ ಮೂರು ಮಂದಿ ಎಳೆದ ವೈರುಗಳು. ಜಾಯಿಂಟ್ ಇರುವಲ್ಲಿ ಎರಡು ವೈರು ತಿರುಚಿ, ಸೆಲೋಟೇಪು ಸುತ್ತಿದ್ದು ಬೇಸಿಗೆಯ ಬಿಸಿಗೆ ಅಂಟು ಬಿಟ್ಟು ಜಾರಿ ಪಕ್ಕಕ್ಕೆ ಸರಿದಿರುತ್ತದೆ, ತಾಮ್ರ ಬರಿಗಣ್ಣಿಗೆ ಕಾಣುತ್ತದೆ. ಮನೆಗೆ ಹಾಕಿ ಉಳಿದ ಗಟ್ಟಿ ಎಳೆಯ ವೈರನ್ನು ತಂದು ಸ್ಪೀಕರಿಗೆ ಎಳೆದಿರುತ್ತಾರೆ. ಅದು ಗಾಡಿಯ ಕುಲುಕಾಟಕ್ಕೆ ಒಳಗೊಳಗೇ ತುಂಡಾಗಿ, ಹೊಂಡ ಬಿದ್ದಾಗೊಮ್ಮೆ ಹಾಡು ಬಂದು, ಇನ್ನೊಂದು ಹೊಂಡಕ್ಕೆ ಹೋಗುತ್ತದೆ. ಫ್ಯೂಜ್ ಇರಬೇಕಾದ ಜಾಗದಲ್ಲಿ ಸಿಗರೇಟ್ ಪಾಕೀಟಿನ ಬೆಳ್ಳಿ ಹಾಳೆ ಮಡಚಿ ತುರುಕಿರುತ್ತಾರೆ. ಬೋನೆಟ್ಟಿನಿಂದ ಒಳಗೆ ಬರುವ ತಗಡಿನ ತೂತಿಗೆ ರಬ್ಬರ್ ಬುಷ್ ಇರುವುದಿಲ್ಲ, ತಗಡಿನ ಅಂಚು ಬ್ಯಾಟರಿಯ ಪಾಸಿಟಿವ್ ವೈರನ್ನು ದಿನಾ ಸ್ವಲ್ಪ ಸ್ವಲ್ಪ ಕೊಯ್ಯುತ್ತಿರುತ್ತದೆ. ಆ ವೈರಿನಿಂದ ಗೇಣು ದೂರದಲ್ಲೇ ಡೀಸೆಲ್ಲಿನ ರಬ್ಬರ್ ಪೈಪು, ಅದೂ ಜಿನುಗುವಂಥದ್ದು. ಗಾಡಿಗೆ ಬೆಂಕಿ ಬಿದ್ದಾಗ ‘ಶಾರ್ಟ್ ಸರ್ಕ್ಯೂಟ್ ಆಯ್ತು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವಲ್ಲ, ಅದು ಹುಟ್ಟುವುದು ಇಲ್ಲಿ.

ಆದ್ದರಿಂದ ನಿಮ್ಮ ವೈರಮನ್ ಎಷ್ಟೇ ಗಡಿಬಿಡಿಯಲ್ಲಿದ್ದರೂ ಎದುರಿಗೆ ನಿಂತು ಇಷ್ಟು ಮಾಡಿಸಿಕೊಳ್ಳಿ. ಕೆಲಸ ಶುರುವಾಗುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಲಿ, ಮುಗಿದ ಮೇಲೆ ಕಟ್ಟಕಡೆಗೆ ಅದನ್ನೇ ಹಾಕಲಿ. ಪಾನಾ ಕೈಜಾರಿ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಆಂಪ್ಲಿಫೈಯರಿಗೆ ಹೋಗುವ ದಪ್ಪ ವೈರಿಗೆ ಫ್ಯೂಜ್ ಬ್ಯಾಟರಿಯ ಪಕ್ಕದಲ್ಲೇ, ಮೊಳದೊಳಗೆ ಇರಲಿ. ಆಂಪ್ಲಿಫೈಯರಿನ ಹತ್ತಿರ ಫ್ಯೂಜ್ ಇದ್ದರೆ ಅದು ಆಂಪ್ಲಿಫೈಯರನ್ನು ಕಾಯುತ್ತದೆ. ನಡುವಿನ ವೈರು ಎಲ್ಲಾದರೂ ಬಾಡಿಗೆ ತಾಗಿದರೆ ಕಾಯುವುದು ಬ್ಯಾಟರಿಯ ಬಳಿಯ ಫ್ಯೂಜ್ ಒಂದೇ. ಬಜಾರಿನಲ್ಲಿ ಈಗ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ವೈರು ಬಹಳ ಬಂದಿದೆ, ನೋಡಲು ದಪ್ಪ, ಬೆಲೆ ಕಡಿಮೆ. ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗೆ ಬಿಳಿ ಕಾಣುತ್ತದೆ. ಅಷ್ಟೇ ದಪ್ಪದ ತಾಮ್ರದ ವೈರು ಹೊರುವಷ್ಟು ಕರೆಂಟನ್ನು ಅದು ಹೊರಲಾರದು, ಬಿಸಿಯಾಗುತ್ತದೆ. ಅರ್ಥ್ ವೈರು ಪಾಸಿಟಿವ್‌ನಷ್ಟೇ ದಪ್ಪ ಇರಲಿ, ಬಣ್ಣ ಕೆರೆದು ಹೊಳೆಯುವ ಕಬ್ಬಿಣಕ್ಕೆ ಬೋಲ್ಟು ಹಾಕಿ ಬಿಗಿಯಲಿ. ಎಂಜಿನ್ ರೇಸು ಮಾಡಿದಂತೆ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದು ಏರುತ್ತಿದ್ದರೆ ಎಷ್ಟೋ ಸಲ ದೋಷ ಡೆಕ್ಕಿನದಲ್ಲ, ಈ ಅರ್ಥ್‌ನದು. ಇಲ್ಲವೆ ಸಿಗ್ನಲ್ ವೈರನ್ನು ಬ್ಯಾಟರಿ ವೈರಿನ ಜೊತೆಗೇ ಕಟ್ಟಿ ತಂದಿರುತ್ತಾರೆ. ಎರಡನ್ನೂ ಗಾಡಿಯ ಬೇರೆ ಬೇರೆ ಬದಿಯಿಂದ ತರಬೇಕು.

ಹಳೆಯ ಗಾಡಿಗೆ ಹೊಸ ಡೆಕ್ ಹಾಕುವಾಗ ಬಹಳ ಡೆಕ್‌ಗಳು ಸುಡುವುದು ಇನ್ನೊಂದು ಕಾರಣಕ್ಕೆ. ಮುಂಚಿನ ಎಷ್ಟೋ ಟೇಪುಗಳಲ್ಲಿ ಸ್ಪೀಕರಿಗೆ ಒಂದೇ ವೈರು ಬರುತ್ತಿತ್ತು, ಇನ್ನೊಂದು ತುದಿಯನ್ನು ಬಾಡಿಗೆ ಅರ್ಥ್ ಮಾಡಿಬಿಡುತ್ತಿದ್ದರು. ಈಗಿನ ಡೆಕ್ಕುಗಳಲ್ಲಿ ಸ್ಪೀಕರಿನ ಎರಡೂ ವೈರಿನಲ್ಲಿ ಕರೆಂಟು ಇರುತ್ತದೆ, ಒಂದನ್ನೂ ಬಾಡಿಗೆ ತಾಗಿಸುವಂತಿಲ್ಲ, ಎರಡು ಸ್ಪೀಕರಿನ ನೆಗೆಟಿವ್‌ಗಳನ್ನು ಒಂದಾಗಿಸುವಂತೆಯೂ ಇಲ್ಲ. ಹಳೆಯ ವೈರಿಗೇ ಹೊಸ ಡೆಕ್ ಜೋಡಿಸಿದರೆ ಒಳಗಿನ ಐಸಿ ಸುಡುತ್ತದೆ, ಅಂಗಡಿಯವನು ಮಾಲು ಖೋಟಾ ಕೊಟ್ಟ ಎಂಬ ಜಗಳ ಶುರುವಾಗುತ್ತದೆ. ಸ್ಪೀಕರಿಗೆ ಹೊಸದಾಗಿ ಜೋಡಿ ವೈರು ಎಳೆಸಿ. ಡೆಕ್ಕಿನ ವೈರಿನ ಬಣ್ಣಗಳನ್ನೂ ನೆನಪಿಟ್ಟುಕೊಳ್ಳಿ: ಹಳದಿ ನೇರ ಬ್ಯಾಟರಿಗೆ, ಕೆಂಪು ಚಾವಿಯ ಲೈನಿಗೆ, ಕಪ್ಪು ಅರ್ಥ್‌ಗೆ. ಬಿಳಿ ಮುಂದಿನ ಎಡ ಸ್ಪೀಕರ್, ಬೂದಿ ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ, ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ನೆಗೆಟಿವ್. ಹಳದಿಯನ್ನೂ ಕೆಂಪನ್ನೂ ಒಟ್ಟಿಗೆ ತಿರುಚಿ ಬ್ಯಾಟರಿಗೆ ಕೊಟ್ಟುಬಿಟ್ಟರೆ ಚಾವಿ ತೆಗೆದರೂ ಡೆಕ್ ಚಾಲೂ ಇರುತ್ತದೆ, ಎರಡು ದಿನ ಗಾಡಿ ನಿಂತರೆ ಬ್ಯಾಟರಿ ಇಳಿದಿರುತ್ತದೆ.

ಕಮಾಂಡರಿನಂಥ ಹಳೆಯ ಜೀಪುಗಳ ಡ್ಯಾಶ್‌ಬೋರ್ಡು ತಗಡಿನದು, ಡೆಕ್ಕಿಗೆಂದು ಜಾಗ ಬಿಟ್ಟಿರುವುದಿಲ್ಲ. ಆ ತಗಡನ್ನು ಗ್ರೈಂಡರಿನಿಂದ ಕೊಯ್ಯಬೇಡಿ. ಕೊಯ್ದ ಅಂಚಿನಿಂದ ತುಕ್ಕು ಹಬ್ಬುತ್ತದೆ, ಗಾಡಿಯ ಬೆಲೆಯೂ ಇಳಿಯುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಪಟ್ಟಿ ಹಾಕಿ ತೂಗುಬಿಡಬಹುದು, ಡೆಕ್ಕಿನ ಬೆನ್ನಿಗೂ ಒಂದು ಆಧಾರ ಕೊಟ್ಟರೆ ನಮ್ಮ ರಸ್ತೆಯ ಕುಲುಕಾಟಕ್ಕೆ ಮುಂದಿನ ತಿರುಪು ಕಿತ್ತುಬರುವುದಿಲ್ಲ. ಬಾಗಿಲಿಗೆ ಸ್ಪೀಕರ್ ಕೂರಿಸುವಾಗ ಕಾಜು ಪೂರ್ತಿ ಇಳಿಸಿ ಅಳತೆ ತೆಗೆಯಲಿ, ಮ್ಯಾಗ್ನೆಟ್ಟಿಗೆ ಕಾಜು ಬಡಿಯಬಾರದು.

ಸೌಂಡ್ ಎಷ್ಟಿರಬೇಕು ಎಂಬ ವಿಷಯಕ್ಕೆ ಬಂದರೆ ನನ್ನ ಹಟ ಒಂದಿದೆ. ‘ಮಹಾರಾಷ್ಟ್ರದಾಗ ನಮ್ಮ ಕನ್ನಡ ಹಾಡು ಗುಡುಗಬೇಕ್ರಿ’ ಎಂದು ಅಭಿಮಾನದಿಂದ ಹೇಳುವ ಹುಡುಗರಿದ್ದಾರೆ. ಆ ಅಭಿಮಾನ ನನಗೂ ಉಂಟು. ಆದರೆ ದೊಡ್ಡ ವೂಫರ್ ಹಾಕಿದ ಟ್ರ್ಯಾಕ್ಟರ್ ಊರೊಳಗೆ ಬಂದಾಗ ನನಗೆ ಕೇಳುವುದು ಧಡ್ ಧಡ್ ಮಾತ್ರ. ಹಾಡಿನ ಮಾತು ಕನ್ನಡವೋ ಮರಾಠಿಯೋ ತೆಲುಗೋ ತಿಳಿಯುವುದಿಲ್ಲ. ಮನುಷ್ಯನ ಮಾತು ತಿಳಿಯಲು ಬೇಕಾದ ದನಿ ಇರುವುದು ಹೆಚ್ಚುಕಡಿಮೆ 300ರಿಂದ 3,400 ಹರ್ಟ್ಸ್ ನಡುವೆ. ಫೋನು ಇಷ್ಟರಲ್ಲೇ ನಮ್ಮವರ ದನಿ ಗುರುತಿಸುವಂತೆ ತಂದುಕೊಡುತ್ತಿತ್ತು. ಅದನ್ನು ಸ್ವಚ್ಛವಾಗಿ ನುಡಿಸಲು ಆರು ಇಂಚಿನ ಒಂದು ಜೋಡಿ ಒಳ್ಳೆಯ ಸ್ಪೀಕರ್, ಜೊತೆಗೊಂದು ಸಣ್ಣ ಟ್ವೀಟರ್ ಸಾಕು. ಡೊಳ್ಳಿನ ಪದದಲ್ಲಿ ಡೊಳ್ಳಿನಷ್ಟೇ ಪದವೂ ಮುಖ್ಯ. ಹಾಡುವವನು ಹಾಲುಮತದ ಕಥೆ ಹೇಳುತ್ತಿರುತ್ತಾನೆ, ಸವಾಲು ಹಾಕುತ್ತಿರುತ್ತಾನೆ, ಅದು ಕೇಳಬೇಕು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂದು ಬೆಳೆಯುವ ನಮ್ಮ ಮಕ್ಕಳ ಕಿವಿಗೆ ಕನ್ನಡದ ಒಂದೊಂದು ಮಾತೂ ಬಿಡಿಬಿಡಿಯಾಗಿ ಬೀಳಬೇಕು. ದನಿ ಕೊಡುವ ಸ್ಪೀಕರಿಗೆ ದುಡ್ಡು ಹಾಕುವವನೇ ನನ್ನ ಲೆಕ್ಕದಲ್ಲಿ ಭಾಷೆಯ ಅಭಿಮಾನಿ.

ನಿಮ್ಮ ಕಿವಿಯ ಕಾಳಜಿಯೂ ಇರಲಿ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನ ಎಂಜಿನ್ ಸದ್ದೇ ಡ್ರೈವರನ ಕಿವಿಯ ಬಳಿ 90 ಡೆಸಿಬೆಲ್ ಆಸುಪಾಸು ಇರುತ್ತದೆ. ಹಾಡು ಅದನ್ನು ಮೀರಬೇಕೆಂದರೆ 100ಕ್ಕೆ ಹೋಗಬೇಕು. ಕಿವಿಗೆ ಅಪಾಯವಿಲ್ಲದೆ ದಿನಕ್ಕೆ ಎಂಟು ತಾಸು ತಡೆಯಬಹುದಾದದ್ದು 85 ಎಂದೂ, ಪ್ರತಿ 3 ಡೆಸಿಬೆಲ್‌ಗೆ ಆ ವೇಳೆ ಅರ್ಧವಾಗುತ್ತದೆಂದೂ ಲೆಕ್ಕವಿದೆ. ಅದರಂತೆ 100ರಲ್ಲಿ ಸಿಗುವುದು ಕಾಲು ತಾಸು. ಒಂದು ರಾತ್ರಿಯ ಖೇಪಿಗೆ ಎಷ್ಟಾಯಿತು ನೋಡಿ. ಹಾಡು ಇಲ್ಲದಿದ್ದರೆ ನಿದ್ದೆ ಬರುತ್ತದೆ ಎನ್ನುತ್ತೀರಿ, ಅದು ಸುಳ್ಳಲ್ಲ, ಸರದಿ ಮೇಲೆ ಸರದಿ ದುಡಿಯುವ ಮೈಗೆ ಏನಾದರೂ ಆಸರೆ ಬೇಕೇ ಬೇಕು. ಆದರೆ ತೂಕಡಿಕೆ ಹತ್ತಿದ ಮೇಲೆ ಯಾವ ಸೌಂಡೂ ಕಣ್ಣು ತೆರೆದಿಡಲಾರದು. ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ಇಪ್ಪತ್ತು ನಿಮಿಷ ಮಲಗಿ. ಮಾಲಕರೇ, ಆ ಇಪ್ಪತ್ತು ನಿಮಿಷಕ್ಕೆ ಅವರನ್ನು ಬೈಯಬೇಡಿ.

ಕಾನೂನು ನಿಮಗೆ ಪೊಲೀಸರೇ ಹೇಳಿರುತ್ತಾರೆ, ನಾನು ಚಿಕ್ಕದಾಗಿ ನೆನಪಿಸುತ್ತೇನೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಇರುವಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45. ನಿಶ್ಶಬ್ದ ವಲಯವೆಂದು ಗುರುತಾದಲ್ಲಿ, ಅಂದರೆ ದವಾಖಾನೆ, ಶಾಲೆ, ಕೋರ್ಟಿನ ಸುತ್ತ 100 ಮೀಟರಿನೊಳಗೆ, ಇನ್ನೂ ಕಡಿಮೆ. ನಮ್ಮ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಎಷ್ಟೋ ಊರಲ್ಲಿ ರಸ್ತೆಗೇ ಹತ್ತಿಕೊಂಡಿವೆ. ಹೋರಾಡಿ ಉಳಿಸಿಕೊಂಡು ಬಂದ ಶಾಲೆಗಳವು. ಅವುಗಳ ಕಿಟಕಿಯ ಪಕ್ಕದಲ್ಲಿ ಗುರುಗಳ ಮಾತು ಮುಚ್ಚಿಹೋಗುವಷ್ಟು ಸೌಂಡ್ ಇಟ್ಟುಕೊಂಡು ಹೋಗುವುದು ಕನ್ನಡದ ಕೆಲಸವಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು ಈಗ ಹೇಳುತ್ತೇನೆ.

ಕಾರ್ತಿಕ ಮಾಸದ ಕೊನೆಗೆ, ಛಟ್ಟಿ ಅಮಾವಾಸ್ಯೆಗೆ, ಗುಡ್ಡಾಪುರದ ಜಾತ್ರೆ. ವಿಜಯಪುರ, ಬಾಗಲಕೋಟೆ ಕಡೆಯಿಂದೆಲ್ಲ ಮಂದಿ ಕಾಲ್ನಡಿಗೆಯಲ್ಲಿ ಬರುತ್ತಾರೆ. ಬಿಸಿಲು ತಪ್ಪಿಸಲು ರಾತ್ರಿಯೇ ನಡೆಯುವವರು ಬಹಳ. ಹೆಗಲ ಮೇಲೆ ಕೂಸು, ಕೈಯಲ್ಲಿ ಚೀಲ, ರಸ್ತೆಯ ಅಂಚಿನಲ್ಲಿ ಸಾಲು. ಕಬ್ಬಿನ ಸೀಜನ್ ಅದೇ ಹೊತ್ತಿಗೆ ಭರ್ತಿ ಇರುತ್ತದೆ. ಅದೇ ರಸ್ತೆಯಲ್ಲಿ ಜೋಡು ಟ್ರೇಲರಿನ ಟ್ರ್ಯಾಕ್ಟರು, ಬೈಕು, ಎಸ್‌ಟಿ ಬಸ್ಸು. ಸೌಂಡ್ ಜೋರಾಗಿದ್ದರೆ ಹಿಂದಿನಿಂದ ಬಂದ ಹಾರ್ನ್ ನಿಮಗೆ ಕೇಳುವುದಿಲ್ಲ, ಎರಡನೆಯ ಟ್ರೇಲರಿನ ಪಿನ್ನು ಸಡಿಲಾಗಿ ಬಡಿಯುವ ಸದ್ದೂ ಕೇಳುವುದಿಲ್ಲ. ಬೇಸ್‌ಗೆ ಕರೆಂಟು ಹೋಗಿ ಹೆಡ್‌ಲೈಟು ಮಂಕಾಗಿದ್ದರೆ ನಡೆಯುವವರು ನಿಮಗೆ ಕಾಣುವುದಿಲ್ಲ. ಟ್ರೇಲರಿನ ಹಿಂದೆ ದೀಪವಿಲ್ಲದಿದ್ದರೆ ನೀವು ಯಾರಿಗೂ ಕಾಣುವುದಿಲ್ಲ.

ಬೈಕಿನವನ ಜಾಗದಲ್ಲಿ ನಿಂತು ನೋಡಿ. ಗುಹಾಗರ–ವಿಜಯಪುರ ಹೆದ್ದಾರಿ, ರಾತ್ರಿ ಹನ್ನೊಂದು. ಎದುರಿನಿಂದ ಬರುವ ಲಾರಿಯ ಬೆಳಕು ಕಣ್ಣಿಗೆ ಹೊಡೆಯುತ್ತಿದೆ. ಆ ಬೆಳಕಿನ ಹಿಂದೆಯೋ ಮುಂದೆಯೋ ಎಲ್ಲೋ ಒಂದು ಕಡೆ ಮಂದಗತಿಯಲ್ಲಿ ಹೋಗುತ್ತಿರುವ, ಬಣ್ಣವಿಲ್ಲದ, ಕಬ್ಬಿನ ರವುದಿ (ಒಣ ಸೋಗೆ) ಜೋತುಬಿದ್ದ ಟ್ರೇಲರ್. ಅವನಿಗೆ ಹಾಡು ಕೇಳಿರಬಹುದು. ಆದರೆ ಹಾಡು ಕೇಳಿದ ಮಾತ್ರಕ್ಕೆ ಟ್ರೇಲರ್ ಎಷ್ಟು ದೂರದಲ್ಲಿದೆ ಎಂದು ತಿಳಿಯುವುದಿಲ್ಲ. ತಿಳಿಯುವಷ್ಟರಲ್ಲಿ ಕಬ್ಬಿನ ತುದಿ ಎದೆಗೆ ಬಂದಿರುತ್ತದೆ. ಇಂಥ ಸಾವು ನಮ್ಮ ಸೀಮೆಗೆ ಹೊಸದಲ್ಲ. ಸತ್ತವರಲ್ಲಿ ನಮ್ಮ ನಿಮ್ಮ ಊರಿನ ಹುಡುಗರೇ ಇದ್ದಾರೆ.

ಇದಕ್ಕೆ ಬೇಕಾದ ದುಡ್ಡು ಒಂದು ವೂಫರಿನ ಬೆಲೆಗೂ ಸಾಟಿಯಲ್ಲ. ಟ್ರ್ಯಾಕ್ಟರಿನ ಹಿಂದೆ ಏಳು ಪಿನ್ನಿನ ಸಾಕೆಟ್ ಇರುತ್ತದೆ, ಬಹಳ ಗಾಡಿಗಳಲ್ಲಿ ಅದಕ್ಕೆ ಮಣ್ಣು ಮೆತ್ತಿರುತ್ತದೆ. ಅದನ್ನು ಸ್ವಚ್ಛ ಮಾಡಿಸಿ ಮೊದಲ ಟ್ರೇಲರಿಗೆ, ಅಲ್ಲಿಂದ ಎರಡನೆಯದಕ್ಕೆ ಸರಿಯಾದ ಕೇಬಲ್ ಎಳೆಸಿ. ಎಲ್‌ಇಡಿ ಕೆಂಪು ದೀಪಗಳು ಒಂದು ಆಂಪಿಯರಿಗಿಂತ ಕಡಿಮೆ ತಿನ್ನುತ್ತವೆ, ಹಾಡಿಗೆ ಏನೂ ಕಡಿಮೆಯಾಗುವುದಿಲ್ಲ. ಟ್ರೇಲರಿನ ಪಟ್ಟಿಗೆ ಬಿಗಿದ ದೀಪ ಕಬ್ಬು ತುಂಬಿದ ಮೇಲೆ ರವುದಿಯ ಹಿಂದೆ ಮುಚ್ಚಿಹೋಗುತ್ತದೆ. ಅದಕ್ಕೆ ಉದ್ದ ವೈರಿನ ಒಂದು ಜೋಡಿ ದೀಪ ಬೇರೆ ಇಟ್ಟುಕೊಳ್ಳಿ. ಕಬ್ಬು ಕಡಿಯುವ ಟೋಳಿಯವರು ಹಗ್ಗ ಬಿಗಿದು ಮುಗಿಸಿದ ಮೇಲೆ, ಹೊರಚಾಚಿದ ಕಬ್ಬಿನ ಕಟ್ಟಕಡೆಯ ತುದಿಗೆ, ಎಡಕ್ಕೊಂದು ಬಲಕ್ಕೊಂದು ಕಟ್ಟಿ. ದೀಪ ಕೆಟ್ಟರೂ ಹೊಳೆಯಲೆಂದು ಕೆಂಪು ರೇಡಿಯಂ ಪಟ್ಟಿ ಅಂಟಿಸಿ, ವಾರಕ್ಕೊಮ್ಮೆ ಧೂಳು ಒರೆಸಿ. ಟೋಳಿಯ ಹೆಂಗಸರು ಮಕ್ಕಳು ಎಷ್ಟೋ ಸಲ ಅದೇ ಟ್ರೇಲರಿನ ಮೇಲೆ ಕೂತು ಊರಿಗೆ ಮರಳುತ್ತಾರೆ. ಅವರೂ ನಮ್ಮ ತಾಲೂಕಿನವರೇ.

ನನ್ನಂತೆ ಇದೇ ಕಸುಬು ಮಾಡುವ ವೈರಮನ್ ಗೆಳೆಯರಲ್ಲಿಯೂ ಒಂದು ಕೋರಿಕೆ. ಸೌಂಡಿಗೆಂದು ಬಂದ ಯಾವ ಗಾಡಿಯನ್ನೂ ಹಿಂದಿನ ದೀಪ ಉರಿಸಿ ನೋಡದೆ ಹೊರಗೆ ಬಿಡಬೇಡಿ. ಅದರ ಕೂಲಿ ಕೇಳಿ ಪಡೆಯಿರಿ, ಕೊಡದಿದ್ದರೂ ಮಾಡಿ ಕಳಿಸಿ. ನಾನು ಹಾಗೆಯೇ ಮಾಡುತ್ತಿದ್ದೇನೆ.

ಬಂಧುಗಳೇ, ಈ ಸೀಜನ್ನಿನಲ್ಲಿ ಗಾಡಿಯ ಸೌಂಡಿಗೆಂದು ತೆಗೆದಿಟ್ಟ ದುಡ್ಡನ್ನು ಈ ಸರದಿಯಲ್ಲಿ ಖರ್ಚು ಮಾಡಿ: ಮೊದಲು ಟ್ರೇಲರಿನ ಹಿಂದಿನ ದೀಪ ಮತ್ತು ರೇಡಿಯಂ, ಆಮೇಲೆ ಬ್ಯಾಟರಿ ಬಳಿಯ ಫ್ಯೂಜ್ ಮತ್ತು ತಾಮ್ರದ ವೈರು, ಉಳಿದದ್ದರಲ್ಲಿ ಡೆಕ್ ಮತ್ತು ಒಂದು ಜೋಡಿ ಒಳ್ಳೆಯ ಸ್ಪೀಕರ್. ಮೊದಲ ಖೇಪು ಹೊರಡುವ ಮುಂಚೆ ಹಿಂದೆ ಹೋಗಿ ನಿಂತು, ಎರಡೂ ಕೆಂಪು ದೀಪ ಉರಿಯುತ್ತಿವೆಯೇ ನೋಡಿಕೊಂಡು ಹೊರಡಿ.

ನಿಮ್ಮವನೇ ಆದ,
ಜತ್ತ ತಾಲೂಕಿನ ಪೂರ್ವ ಭಾಗದ ಒಬ್ಬ ವೈರಮನ್